ಯಾರ ಮುಖ ದೇಶದ ಮುಖವಾಯಿತು?

೧

ಅಣ್ಣತಮ್ಮಂದಿರು ಹೊಲ ಹಿಸ್ಸೆ ಮಾಡಿಕೊಂಡ ಹಾಗೆ ಪೋಲೆಂಡ್ ಅನ್ನುವ ದೇಶವನ್ನು ಅಕ್ಕಪಕ್ಕದ ಮೂರು ಸಾಮ್ರಾಜ್ಯಗಳು ಹಂಚಿಕೊಂಡವು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ. ೧೭೭೨ರಲ್ಲಿ ಒಂದು ಸಲ, ೧೭೯೩ರಲ್ಲಿ ಇನ್ನೊಂದು ಸಲ, ೧೭೯೫ರಲ್ಲಿ ಉಳಿದದ್ದೂ ಹೋಯಿತು. ಅಲ್ಲಿಂದ ೧೯೧೮ರವರೆಗೆ, ಅಂದರೆ ೧೨೩ ವರ್ಷ, ಸ್ವತಂತ್ರ ಪೋಲೆಂಡ್ ಅನ್ನುವುದು ನಕಾಶೆಯ ಮೇಲೆ ಇರಲಿಲ್ಲ. ೧೮೩೦ರಲ್ಲಿ ದಂಗೆ ಎದ್ದರು, ಸೋತರು. ೧೮೬೩ರಲ್ಲಿ ಎದ್ದರು, ಮತ್ತೆ ಸೋತರು. ಕೆಲವರಿಗೆ ಗಲ್ಲು, ಕೆಲವರಿಗೆ ಸೈಬೀರಿಯಾ, ತಪ್ಪಿಸಿಕೊಂಡವರಿಗೆ ಪ್ಯಾರಿಸ್.

ಸೈನ್ಯ ಇಲ್ಲ, ಸಂಸತ್ತು ಇಲ್ಲ, ಸಿಂಹಾಸನ ಇಲ್ಲ. ಹಾಗಾದರೆ ದೇಶ ಎಲ್ಲಿತ್ತು? ಕಲೆಯ ಚರಿತ್ರೆ ಬರೆದವರು ಇದಕ್ಕೆ ಒಂದು ಸಿದ್ಧ ಉತ್ತರ ಇಟ್ಟುಕೊಂಡಿದ್ದಾರೆ: ಹಾಡಿನಲ್ಲಿತ್ತು, ಕಾವ್ಯದಲ್ಲಿತ್ತು, ಗೋಡೆಯ ಮೇಲಿನ ಪಟದಲ್ಲಿತ್ತು. ರಾಜನ ಪಟ ಇರಬೇಕಾದ ಜಾಗಕ್ಕೆ ಪಿಯಾನೊ ನುಡಿಸುವವನ ಪಟ ಬಂತು. ಸಂಗೀತಗಾರನ ಮುಖವೇ ಬಾವುಟವಾಯಿತು.

ಈ ಮಾತು ಸುಳ್ಳಲ್ಲ. ಆದರೆ ಇದು ಅರ್ಧ ಮಾತು. ಉಳಿದರ್ಧ ಕೇಳಬೇಕಾದವರು ನಾವು. ಆ ಗೋಡೆ ಯಾರ ಮನೆಯದು? ಪಟಕ್ಕೆ ಕೂತವರು ಯಾರು? ಅದೇ ನೂರು ವರ್ಷ ಹಳ್ಳಿಯ ಹೆಂಡದಂಗಡಿಯಲ್ಲಿ, ಮದುವೆ ಮನೆಯಲ್ಲಿ, ಸುಗ್ಗಿಯ ಕಣದಲ್ಲಿ ಪಿಟೀಲು ಕುಯ್ದವರ ಮುಖ ಎಲ್ಲಿ ಹೋಯಿತು?

ಪೋಲೆಂಡಿನ ಪಟ ಕಟ್ಟಿಕೊಂಡು ನಮಗೇನಾಗಬೇಕು ಅಂತ ಕೇಳುವವರು ಇರಬಹುದು. ಶಾಲೆಯ ಗೋಡೆಗೆ ಮೊಳೆ ಹೊಡೆದು ಮಹನೀಯರ ಫೋಟೊ ತೂಗುಹಾಕುವ ಮೇಷ್ಟ್ರುಗಳು ನಮ್ಮ ಓದುಗರಲ್ಲಿ ಬಹಳ ಜನ. ಯಾವ ಮುಖ ದೇಶ, ಯಾವ ಮುಖ ಬರೀ ಜನ ಅನ್ನುವ ತೀರ್ಮಾನ ಹೇಗೆ ಆಗುತ್ತದೆ ಅನ್ನುವುದನ್ನು ದೂರದ ನಾಡೊಂದರಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಹೋಲಿಕೆಗಳನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಬೇಕಾದವರಿಗೆ ಅವು ತಾವಾಗಿ ಹೊಳೆಯುತ್ತವೆ.

೨

ಮೊದಲು 'ದೇಶ' ಅನ್ನುವ ಮಾತನ್ನೇ ಹಿಡಿದು ನೋಡೋಣ. ಹಳೆಯ ಪೋಲೆಂಡಿನಲ್ಲಿ ದೇಶ ಅಂದರೆ ಶ್ಲಾಖ್ತಾ. ಅಂದರೆ ಕುಲೀನರು, ಜಮೀನಿನ ಒಡೆಯರು. ನೂರಕ್ಕೆ ಎಂಟೋ ಹತ್ತೋ ಮಂದಿ. ರಾಜನನ್ನು ಆರಿಸುವ ಹಕ್ಕು ಅವರದು, ಸಭೆಯಲ್ಲಿ ಕೂರುವ ಹಕ್ಕು ಅವರದು. ಅವರಲ್ಲೂ ಬಡವರು ಇದ್ದರು. ಆದರೆ ಹೊಟ್ಟೆಗೆ ಇಲ್ಲದಿದ್ದರೂ ಕುಲ ಕುಲವೇ. ಇವರು ತಮ್ಮ ಹುಟ್ಟಿಗೆ ಒಂದು ಪುರಾಣ ಕಟ್ಟಿಕೊಂಡಿದ್ದರು. ನಾವು ಸಾರ್ಮಾಟಿಯನ್ನರು ಅನ್ನುವ ಪುರಾತನ ಯೋಧರ ವಂಶ, ಹೊಲ ಉಳುವವರದು ಬೇರೆ ರಕ್ತ ಅನ್ನುವುದು ಆ ಪುರಾಣದ ಸಾರ. ಬೈಬಲ್ಲಿನಲ್ಲಿ ನೋಹನ ಕೋಪಕ್ಕೆ ಗುರಿಯಾದ ಮಗನ ಹೆಸರು ಹಾಮ್. ಪೋಲಿಷ್ ಭಾಷೆಯಲ್ಲಿ ರೈತನನ್ನು ಬೈಯುವ ಮಾತು 'ಖಾಮ್'. ಎರಡೂ ಒಂದೇ ಪದ. ಕೀಳು ಹುಟ್ಟಿಗೆ ಧರ್ಮಗ್ರಂಥದ ಮುದ್ರೆ ಒತ್ತುವ ಉಪಾಯ ಎಲ್ಲ ಕಡೆ ಇದೆ, ನೋಡಿ.

ರೈತ ಒಡೆಯನ ಹೊಲದಲ್ಲಿ ವಾರಕ್ಕೆ ಇಷ್ಟು ದಿನ ಅಂತ ಬಿಟ್ಟಿ ದುಡಿಯಬೇಕು. ಅಪ್ಪಣೆ ಇಲ್ಲದೆ ಊರು ಬಿಡುವ ಹಾಗಿಲ್ಲ. ಸಂಗೀತ, ಕುಣಿತ ಕೂಡ ಈ ಬಿಟ್ಟಿಯ ಒಳಗೇ ಇತ್ತು. ದೊಡ್ಡ ಒಡೆಯರು ತಮ್ಮ ಜೀತದಾಳುಗಳನ್ನೇ ಆರಿಸಿ ವಾದ್ಯ ಕಲಿಸಿ ಮೇಳ ಕಟ್ಟಿಕೊಳ್ಳುತ್ತಿದ್ದರು. ಆಂಟೊನಿ ಟಿಜೆನ್‌ಹೌಸ್ ಅನ್ನುವ ಶ್ರೀಮಂತ ಗ್ರೊದ್ನೊ ಸೀಮೆಯಲ್ಲಿ ಜೀತದ ಮಕ್ಕಳಿಗೆ ನೃತ್ಯಶಾಲೆ ನಡೆಸಿದ. ೧೭೮೫ರಲ್ಲಿ ಸಾಯುವಾಗ ಆ ನರ್ತಕರನ್ನು ದೊರೆಗೆ ಉಯಿಲು ಬರೆದುಕೊಟ್ಟ. ದನ, ಕುದುರೆ, ಪಾತ್ರೆ ಪಗಡ ಬಿಟ್ಟುಹೋದ ಹಾಗೆ ಕುಣಿಯುವವರನ್ನು ಬಿಟ್ಟುಹೋದ. ವಾರ್ಸಾಗೆ ಬಂದ ಮೇಲೆ ಆ ಮೇಳಕ್ಕೆ ಏನು ಹೆಸರಿಟ್ಟರು ಗೊತ್ತೇ? ದೊರೆಯವರ 'ರಾಷ್ಟ್ರೀಯ ನರ್ತಕರು'!

ಉಯಿಲಿನಲ್ಲಿ ಕೈ ಬದಲಾಯಿಸಿದವರು 'ರಾಷ್ಟ್ರೀಯ'ರಾದರು. ದೇಶ ಅವರದಲ್ಲ, ಆದರೆ ದೇಶದ ಕುಣಿತ ಅವರದು. ಮುಂದಿನ ನೂರು ವರ್ಷದ ಪಟಗಳನ್ನು ನೋಡುವಾಗ ಈ ಒಂದು ಸಂಗತಿ ತಲೆಯಲ್ಲಿ ಇಟ್ಟುಕೊಂಡರೆ ಸಾಕು.

೩

ಈಗ ಶೋಪಾನ್‌ನ ಪಟಗಳಿಗೆ ಬರೋಣ. ೧೮೧೦ರಲ್ಲಿ ವಾರ್ಸಾ ಹತ್ತಿರದ ಜೆಲಜೋವಾ ವೋಲಾದಲ್ಲಿ ಹುಟ್ಟಿದವನು. ಅಪ್ಪ ಫ್ರಾನ್ಸಿನಿಂದ ಬಂದು ಮೇಷ್ಟ್ರಾದವನು. ತಾಯಿ ಒಂದು ಕುಲೀನರ ಮನೆಯಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಬಡ ಸಂಬಂಧಿಕಳು. ೧೮೨೯ರಲ್ಲಿ ಆಂಬ್ರೋಜಿ ಮಿಯೆರೊಷೆವ್ಸ್ಕಿ ಈ ಮನೆಯವರೆಲ್ಲರ ಪಟ ಬರೆದ. ಅಪ್ಪ, ಅಮ್ಮ, ಇಬ್ಬರು ಅಕ್ಕತಂಗಿಯರು, ಮಗ. ಜೊತೆಗೆ ಹುಡುಗನಿಗೆ ಮೊದಲು ಪಿಯಾನೊ ಕಲಿಸಿದ ಮುದಿ ಮೇಷ್ಟ್ರು ಜಿವ್ನಿಯ ಪಟವನ್ನೂ ಬರೆದ. ಅವು ಒಂದು ಮಧ್ಯಮ ವರ್ಗದ ಮನೆಯ ಸಾದಾ ಪಟಗಳು. ಹುಡುಗನ ಮುಖದಲ್ಲಿ ದೇಶವೂ ಇಲ್ಲ, ದುಃಖವೂ ಇಲ್ಲ. ಮುಂದಿನ ವರ್ಷ ನವೆಂಬರಿನಲ್ಲಿ ಅವನು ಊರು ಬಿಟ್ಟ. ಕೆಲವೇ ವಾರದಲ್ಲಿ ವಾರ್ಸಾದಲ್ಲಿ ದಂಗೆ ಎದ್ದಿತು. ಅವನು ಮತ್ತೆ ತಿರುಗಿ ಬರಲಿಲ್ಲ.

ಆಮೇಲೆ ಮುಖ ಬದಲಾಗುತ್ತದೆ. ೧೮೩೬ರಲ್ಲಿ ಮಾರಿಯಾ ವೊಜಿನ್ಸ್ಕಾ ಜಲವರ್ಣದಲ್ಲಿ ಬರೆದ ಪಟದಲ್ಲಿ ಮೃದುವಾದ ತರುಣ. ಅವಳನ್ನು ಮದುವೆಯಾಗಬೇಕೆಂದಿದ್ದ. ಕುಲೀನರ ಆ ಮನೆ ಒಪ್ಪಲಿಲ್ಲ. ೧೮೩೮ರಲ್ಲಿ ಪ್ಯಾರಿಸ್ಸಿನಲ್ಲಿ ದೆಲಕ್ರುವಾ, ಶೋಪಾನ್ ಮತ್ತು ಲೇಖಕಿ ಜಾರ್ಜ್ ಸಾಂಡ್ ಇಬ್ಬರನ್ನೂ ಒಂದೇ ಬಟ್ಟೆಯ ಮೇಲೆ ಬರೆಯಲು ಹೊರಟು ಅರ್ಧಕ್ಕೆ ಬಿಟ್ಟ. ಮುಂದೆ ಯಾರೋ ಅದನ್ನು ಕತ್ತರಿಸಿ ಎರಡು ಮಾಡಿದರು. ಅವನ ಮುಖ ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ, ಅವಳದು ಡೆನ್ಮಾರ್ಕಿನಲ್ಲಿ. ಆ ಮುಖದಲ್ಲಿ ಒಳಗೇ ಉರಿಯುವ ಒಬ್ಬ ಮನುಷ್ಯ ಇದ್ದಾನೆ. ದೇಶ ಇನ್ನೂ ಬಂದಿಲ್ಲ.

ದೇಶ ಬಂದದ್ದು ತೆಯೊಫಿಲ್ ಕ್ವ್ಯಾಟ್‌ಕೊವ್‌ಸ್ಕಿಯ ಕುಂಚದಲ್ಲಿ. ಇವನು ೧೮೩೦ರ ದಂಗೆಯಲ್ಲಿ ಹೋರಾಡಿ ಫ್ರಾನ್ಸಿಗೆ ಓಡಿಬಂದವನು. ೧೮೪೯ರ ಅಕ್ಟೋಬರಿನಲ್ಲಿ ಶೋಪಾನ್ ಸತ್ತಾಗ ಆ ಮಂಚದ ಬಳಿ ಇದ್ದು ಸತ್ತವನ ಮುಖ ಬರೆದ. ಆಮೇಲೆ ಹತ್ತು ವರ್ಷದ ಉದ್ದಕ್ಕೂ ಒಂದೇ ಚಿತ್ರವನ್ನು ಮತ್ತೆಮತ್ತೆ ತಿದ್ದಿ ಬರೆದ. ಅದರ ಹೆಸರು 'ಶೋಪಾನ್‌ನ ಪೊಲೊನೇಸ್'. ಪ್ಯಾರಿಸ್ಸಿನಲ್ಲಿ ದೇಶಭ್ರಷ್ಟ ರಾಜಕುಮಾರ ಚಾರ್ಟೊರಿಸ್ಕಿಯ ಮಹಲಿನಲ್ಲಿ ನಡೆಯುವ ಕೂಟ ಅದು. ಒಂದು ಕಡೆ ಪಿಯಾನೊ ಮುಂದೆ ಶೋಪಾನ್. ಅವನು ನುಡಿಸುತ್ತಿದ್ದ ಹಾಗೆ ಹಳೆಯ ಕಾಲದ ಉಡುಪು ತೊಟ್ಟ ಕುಲೀನರು ಜೋಡಿಜೋಡಿಯಾಗಿ ಮೆರವಣಿಗೆಯ ಕುಣಿತ ಕುಣಿಯುತ್ತಾರೆ. ಸತ್ತ ದೇಶ ಸಂಗೀತದಲ್ಲಿ ಎದ್ದು ಬರುತ್ತಿದೆ ಅನ್ನುವುದು ಚಿತ್ರದ ಅರ್ಥ.

ನಾವು ಕೇಳುವುದು ಇಷ್ಟೇ: ಎದ್ದು ಬಂದವರಲ್ಲಿ ಉಳುವವನು ಒಬ್ಬನಾದರೂ ಇದ್ದಾನೆಯೇ? ಹುಡುಕಬೇಡಿ, ಇಲ್ಲ. ದೇಶಕ್ಕೆ ಮರುಹುಟ್ಟು ಬಂದರೂ ಅದು ಶ್ಲಾಖ್ತಾದ ಹೊಟ್ಟೆಯಲ್ಲೇ ಬರಬೇಕು ಅನ್ನುವ ಕಲ್ಪನೆ ಅದು. ಚಿತ್ರಕಾರ ದೇಶಪ್ರೇಮಿ, ಅದರಲ್ಲಿ ಅನುಮಾನ ಇಲ್ಲ. ದೇಶಪ್ರೇಮಿಯ ಕಣ್ಣಿಗೂ ಪೊರೆ ಇರುತ್ತದೆ.

ಎಲ್ಲಕ್ಕಿಂತ ಹೆಚ್ಚು ಮನೆಗಳ ಗೋಡೆ ಏರಿದ ಚಿತ್ರ ಹೆನ್ರಿಕ್ ಶೆಮಿರಾದ್ಸ್ಕಿ ೧೮೮೭ರಲ್ಲಿ ಬರೆದದ್ದು: ರಾಜಕುಮಾರ ರಾಜಿವಿಲ್‌ನ ದಿವಾನಖಾನೆಯಲ್ಲಿ ಶೋಪಾನ್. ಮುಂದೆ ಪಿಯಾನೊ, ಸುತ್ತ ರೇಷ್ಮೆಯ ಹೆಂಗಸರು, ಕುರ್ಚಿಗಳಲ್ಲಿ ದೊಡ್ಡ ಮನುಷ್ಯರು. ಶೋಪಾನ್ ಸತ್ತು ೩೮ ವರ್ಷದ ಮೇಲೆ ಊಹಿಸಿ ಬರೆದದ್ದು. ಅಚ್ಚಿನ ಪ್ರತಿಗಳಾಗಿ ಇದು ದೇಶದ ತುಂಬ ಹರಡಿತು. ಮಕ್ಕಳು ಶೋಪಾನ್ ಅಂದರೆ ಹೀಗೇ ಅಂದುಕೊಂಡು ಬೆಳೆದರು. ಆದರೆ ಆ ರಾಜಕುಮಾರ ಯಾರು? ದೇಶವನ್ನು ಹಂಚಿಕೊಂಡ ಮೂವರಲ್ಲಿ ಒಬ್ಬನಾದ ಪ್ರಷ್ಯಾದ ದೊರೆಯ ಪರವಾಗಿ ಪೊಜ್ನಾನ್ ಸೀಮೆಗೆ ಪ್ರತಿನಿಧಿಯಾಗಿದ್ದವನು, ಆ ದೊರೆಮನೆಯ ಹೆಣ್ಣನ್ನೇ ಮದುವೆಯಾದವನು. ಒಳ್ಳೆಯ ಸಂಗೀತಗಾರ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಪರಕೀಯರ ಆಳ್ವಿಕೆಗೆ ಎದುರು ನಿಂತ ಚಿತ್ರ ಅಂತ ಪೂಜೆಗೊಂಡ ಪಟದ ಮನೆಯೊಡೆಯ ಆ ಆಳ್ವಿಕೆಯ ಪ್ರತಿನಿಧಿಯೇ. ದಿವಾನಖಾನೆಗೆ ದೇಶ ಇಲ್ಲ, ಅಂತಸ್ತು ಇದೆ.

೪

ಶೋಪಾನ್‌ನ ಸಂಗೀತದ ಹೃದಯ ಮಜುರ್ಕಾ ಅಂತ ಎಲ್ಲರೂ ಒಪ್ಪುತ್ತಾರೆ. ಐವತ್ತಕ್ಕೂ ಹೆಚ್ಚು ಬರೆದಿದ್ದಾನೆ. ಮಜುರ್, ಕುಯಾವಿಯಾಕ್, ಒಬೆರೆಕ್ ಅನ್ನುವ ಹಳ್ಳಿ ಕುಣಿತಗಳ ಗತಿ ಅದರಲ್ಲಿದೆ. ಈ ಗತಿ ಅವನಿಗೆ ಎಲ್ಲಿಂದ ಬಂತು? ೧೮೨೪ ಮತ್ತು ೧೮೨೫ರ ಬೇಸಿಗೆ ರಜೆಯಲ್ಲಿ ಶಾಫಾರ್ನಿಯಾ ಅನ್ನುವ ಹಳ್ಳಿಗೆ ಗೆಳೆಯನ ಮನೆಗೆ ಹೋಗಿದ್ದ. ಸುಗ್ಗಿಯ ಕುಣಿತ ನೋಡಿದ, ಹಾಡು ಕೇಳಿದ. ಅಲ್ಲಿಂದ ಮನೆಗೆ ಪತ್ರಿಕೆಯ ಧಾಟಿಯಲ್ಲಿ ತಮಾಷೆಯ ಸುದ್ದಿಗಳನ್ನು ಬರೆದು ಕಳಿಸುತ್ತಿದ್ದ. ಅದರಲ್ಲಿ ಒಂದು ಸುದ್ದಿ ಹೀಗಿದೆ. ನಿಯೆಶಾವಾ ಅನ್ನುವ ಊರನ್ನು ಹಾದುಹೋಗುವಾಗ ಬೇಲಿಯ ಮೇಲೆ ಕೂತು ಗಂಟಲು ಬಿಟ್ಟು ಹಾಡುತ್ತಿದ್ದ ಒಬ್ಬ ಹಳ್ಳಿ ಹುಡುಗಿಯನ್ನು ಕಂಡ. ಮತ್ತೆ ಹಾಡು ಅಂತ ಮೂರು ಗ್ರೋಶ್ ಆಸೆ ತೋರಿಸಿದ. ಗ್ರೋಶ್ ಅಂದರೆ ನಮ್ಮ ಕಾಸಿನ ಹಾಗೆ. ತಮಾಷೆಗೆ ಅವಳನ್ನು 'ಕತಲಾನಿ' ಅಂತ ಕರೆದ.

ಕತಲಾನಿ ಅಂದರೆ ಆಗ ಯೂರೋಪಿನಲ್ಲೆಲ್ಲ ಹೆಸರಾದ ಇಟಲಿಯ ಗಾಯಕಿ. ೧೮೨೦ರಲ್ಲಿ ವಾರ್ಸಾಗೆ ಬಂದಾಗ ಪುಟ್ಟ ಶೋಪಾನ್‌ನ ವಾದನ ಮೆಚ್ಚಿ ಚಿನ್ನದ ಗಡಿಯಾರ ಕೊಟ್ಟಿದ್ದಳು. ಅರಮನೆಯ ಕತಲಾನಿ ಹುಡುಗನಿಗೆ ಚಿನ್ನದ ಗಡಿಯಾರ ಕೊಟ್ಟಳು. ಹುಡುಗ ಬೇಲಿಯ ಕತಲಾನಿಗೆ ಮೂರು ಕಾಸಿನ ಆಸೆ ತೋರಿಸಿದ. ಹದಿನಾಲ್ಕು ವರ್ಷದ ಹುಡುಗನ ಮೇಲೆ ನಾವು ಖಟ್ಲೆ ಹೂಡುತ್ತಿಲ್ಲ. ನಿಂತು ಕೇಳಿದನಲ್ಲ, ಅದೇ ದೊಡ್ಡದು. ಅವನ ಸುತ್ತಲಿನ ಎಷ್ಟು ಜನ ನಿಂತು ಕೇಳಿದರು? ನಮ್ಮ ತಕರಾರು ಆಮೇಲಿನ ನೂರಾರು ಪಟಗಳ ಮೇಲೆ. ಗಡಿಯಾರ ಕೊಟ್ಟವಳಿಗೆ ಪಟಗಳಿವೆ. ಬೇಲಿಯ ಮೇಲಿನ ಹುಡುಗಿಗೆ ಪಟ ಬೇಡ, ಹೆಸರೂ ಉಳಿದಿಲ್ಲ.

ಓಸ್ಕರ್ ಕೊಲ್ಬೆರ್ಗ್ ಅನ್ನುವ ವಿದ್ವಾಂಸನ ಕೆಲಸವನ್ನು ಇಲ್ಲಿ ನೆನೆಯಬೇಕು. ಇವನ ಅಣ್ಣತಮ್ಮಂದಿರಲ್ಲಿ ಒಬ್ಬ ಶೋಪಾನ್‌ನ ಗೆಳೆಯ. ೧೮೫೭ರಲ್ಲಿ ಪೋಲಿಷ್ ಜನಪದರ ಹಾಡುಗಳ ದೊಡ್ಡ ಸಂಪುಟ ತಂದ. ಸಾಯುವವರೆಗೆ ಮೂವತ್ತಕ್ಕೂ ಹೆಚ್ಚು ಸಂಪುಟ ಅಚ್ಚು ಹಾಕಿಸಿದ. ಹಳ್ಳಿಹಳ್ಳಿ ಅಲೆದು ಬದುಕನ್ನೇ ಸವೆಸಿದ. ಅವನಿಲ್ಲದಿದ್ದರೆ ಆ ಹಾಡುಗಳು ಮಣ್ಣಾಗುತ್ತಿದ್ದವು. ಆದರೆ ಹಾಡಿನ ಪಕ್ಕದಲ್ಲಿ ಅವನು ಬರೆದದ್ದು ಊರಿನ ಹೆಸರು. ಹಾಡಿದವರ ಹೆಸರು ಅಪರೂಪ. ಹಾಡು ಊರಿನದಾಯಿತು, ಜನಪದದ್ದಾಯಿತು, ದೇಶದ್ದಾಯಿತು. ಹಾಡಿದ ಬಾಯಿಯದು ಮಾತ್ರ ಆಗಲಿಲ್ಲ.

೫

ಹಾಗಾದರೆ ಬಡ ಸಂಗೀತಗಾರರನ್ನು ಚಿತ್ರಕಾರರು ಬರೆಯಲೇ ಇಲ್ಲವೇ? ಬರೆದರು. ಕಾಜಿಮಿಯೆಜ್ ಪೊಖ್ವಾಲ್ಸ್ಕಿ ೧೮೮೭ರಲ್ಲಿ 'ಗುಡಿಸಲ ಮುಂದಿನ ಲಿರ್ನಿಕ್' ಬರೆದ. ಲಿರ್ನಿಕ್ ಅಂದರೆ ಲೀರಾ ನುಡಿಸುತ್ತ ಊರೂರು ತಿರುಗಿ ಹಾಡುವ ಮುದುಕ. ಹಿಡಿ ತಿರುಗಿಸಿದರೆ ಚಕ್ರ ತಂತಿಗೆ ಉಜ್ಜಿ ನಾದ ಹೊರಡುವ ವಾದ್ಯ ಅದು. ವರ್ಷ ನೋಡಿ: ಶೆಮಿರಾದ್ಸ್ಕಿಯ ದಿವಾನಖಾನೆ ಬಂದದ್ದೂ ಅದೇ ೧೮೮೭ರಲ್ಲಿ. ಪೊಖ್ವಾಲ್ಸ್ಕಿ ದೊಡ್ಡ ಮನುಷ್ಯರ ಭಾವಚಿತ್ರ ಬರೆಯುವುದರಲ್ಲಿ ಹೆಸರು ಮಾಡಿದವನು. ಅವರೆಲ್ಲರಿಗೂ ಪಟದ ಕೆಳಗೆ ಹೆಸರು ಇದೆ. ಇವನಿಗೆ? ಬರೀ 'ಲಿರ್ನಿಕ್'. ಕಸುಬೇ ಹೆಸರು.

ಇದೇ ಕೀಲಕ. ಹೆಸರಿದ್ದರೆ ಅದು ಭಾವಚಿತ್ರ. ಹೆಸರಿಲ್ಲದಿದ್ದರೆ ಅದು ಮಾದರಿ. ಭಾವಚಿತ್ರ ಹೇಳುವುದು 'ಇವನು' ಅಂತ. ಮಾದರಿ ಹೇಳುವುದು 'ಇಂಥವರು' ಅಂತ. ಇಬ್ಬರ ಮುಖಕ್ಕೂ ಅದೇ ಬಣ್ಣ, ಅದೇ ಕೈಚಳಕ ಬಳಸಿರಬಹುದು. ಆದರೆ ಒಬ್ಬ ಚರಿತ್ರೆಗೆ ಹೋಗುತ್ತಾನೆ, ಇನ್ನೊಬ್ಬ ಹಿನ್ನೆಲೆಗೆ ಹೋಗುತ್ತಾನೆ.

ಹಾಡುಗಾರ ಮುದುಕನಿಗೆ ಹೆಸರು ಕೊಟ್ಟು ಬರೆದ ದೊಡ್ಡ ಚಿತ್ರ ಯಾನ್ ಮತೇಯ್ಕೊನದು, ೧೮೮೩-೮೪ರ 'ವೆರ್ನಿಹೋರಾ'. ಈ ವೆರ್ನಿಹೋರಾ ಉಕ್ರೇನಿನ ದಂತಕಥೆಯ ಕೊಸಾಕ್ ಹಾಡುಗಾರ, ಕಾಲಜ್ಞಾನಿ. ಪೋಲೆಂಡ್ ಬೀಳುತ್ತದೆ, ಮತ್ತೆ ಏಳುತ್ತದೆ ಅಂತ ನುಡಿದನಂತೆ. ಚಿತ್ರದಲ್ಲಿ ಮುದುಕ ಮೈಮೇಲೆ ಬಂದವನಂತೆ ಕೈಯೆತ್ತಿ ನುಡಿಯುತ್ತಿದ್ದಾನೆ. ಪಕ್ಕದಲ್ಲಿ ಒಬ್ಬ ಪೋಲಿಷ್ ಕುಲೀನ ಅದನ್ನು ಬರೆದುಕೊಳ್ಳುತ್ತಿದ್ದಾನೆ.

ಈ ಜೋಡಿಯನ್ನು ಗಮನವಿಟ್ಟು ನೋಡಿ. ಬಾಯಿ ಒಬ್ಬನದು, ಲೇಖನಿ ಇನ್ನೊಬ್ಬನದು. ದಂತಕಥೆ ನಡೆಯುವ ಕಾಲ ೧೭೬೮. ಆ ವರ್ಷ ಉಕ್ರೇನಿನ ರೈತರು, ಕೊಸಾಕರು ಪೋಲಿಷ್ ಒಡೆಯರ ಮೇಲೆ ತಿರುಗಿಬಿದ್ದರು. ಕುಲೀನರ, ಪಾದ್ರಿಗಳ, ಯೆಹೂದಿಗಳ ರಕ್ತ ಹರಿಯಿತು. ಆ ನೆಲದ ಹಾಡು ಒಡೆಯರ ಮೇಲಿನ ಸಿಟ್ಟಿನ ಹಾಡು. ಮತೇಯ್ಕೊ ಅದೇ ನೆಲದ ಹಾಡುಗಾರನ ಬಾಯಲ್ಲಿ ಒಡೆಯರ ದೇಶ ಮತ್ತೆ ಏಳಲಿ ಅನ್ನುವ ಮಾತು ಇಟ್ಟ. ಬಂಡಾಯದ ವಾದ್ಯ ಕಸಿದುಕೊಂಡು ಅದರಲ್ಲಿ ಧಣಿಯ ರಾಗ ನುಡಿಸುವುದು ಅಂದರೆ ಇದು.

ಅದೇ ಹಾಡುಗಾರನನ್ನು ಜೀತದ ಕಡೆಯಿಂದ ಕಂಡವನೂ ಒಬ್ಬನಿದ್ದ. ತಾರಾಸ್ ಶೆವ್ಚೆಂಕೊ, ಉಕ್ರೇನಿನ ಕವಿ, ಚಿತ್ರಕಾರ. ಹುಟ್ಟಿನಿಂದ ಜೀತದಾಳು. ೧೮೩೮ರಲ್ಲಿ ಬಿಡುಗಡೆ ಆದ. ಹೇಗೆ? ರಷ್ಯಾದ ಚಿತ್ರಕಾರ ಬ್ರ್ಯುಲೋವ್, ಜುಕೋವ್ಸ್ಕಿ ಅನ್ನುವ ಕವಿಯ ಭಾವಚಿತ್ರ ಬರೆದುಕೊಟ್ಟ. ಅದನ್ನು ಲಾಟರಿಗೆ ಇಟ್ಟು ಬಂದ ೨,೫೦೦ ರೂಬಲ್ ತೆತ್ತು ಒಡೆಯನಿಂದ ಇವನನ್ನು ಬಿಡಿಸಿದರು. ಒಂದು ಪಟದ ಬೆಲೆ ಒಬ್ಬ ಮನುಷ್ಯನ ಬೆಲೆಗೆ ಸಮ ಆದದ್ದು ನಮ್ಮ ಮಾತಿನ ಅಲಂಕಾರವಲ್ಲ, ನಡೆದ ವ್ಯವಹಾರ. ಎರಡು ವರ್ಷದ ಮೇಲೆ ಅವನ ಪುಸ್ತಕ ಬಂತು. ಹೆಸರು 'ಕೊಬ್ಜಾರ್', ಅಂದರೆ ಊರೂರು ತಿರುಗುವ ಹಾಡುಗಾರ. ಮುಂದಿನ ಹಾಳೆಯಲ್ಲಿ ಅಂಥ ಒಬ್ಬ ಮುದುಕನ ಚಿತ್ರ. ಇಲ್ಲಿ ಬಾಯಿಯೂ ಲೇಖನಿಯೂ ಒಂದೇ ಕಡೆಯವು. ಜನ ಆಮೇಲೆ ಕವಿಯನ್ನೇ ಕೊಬ್ಜಾರ್ ಅಂತ ಕರೆದರು. ವ್ಯತ್ಯಾಸ ಕುಂಚದಲ್ಲಿ ಇಲ್ಲ, ಕುಂಚ ಹಿಡಿದವನು ಎಲ್ಲಿ ನಿಂತಿದ್ದಾನೆ ಅನ್ನುವುದರಲ್ಲಿ ಇದೆ.

೬

ಪೋಲಿಷ್ ಸಾಹಿತ್ಯದಲ್ಲಿ ಎಲ್ಲರಿಗಿಂತ ದೊಡ್ಡ ದೇಶಭಕ್ತ ಸಂಗೀತಗಾರ ಯಾರು ಅಂದರೆ ಒಬ್ಬ ಯೆಹೂದಿ. ಮಿಟ್ಸ್ಕಿಯೆವಿಚ್ ೧೮೩೪ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ 'ಪಾನ್ ತಾದೆಯುಷ್' ಕಾವ್ಯದ ಯಾಂಕಿಯೆಲ್. ಹೆಂಡದಂಗಡಿ ನಡೆಸುವವನು, ತಂತಿಗಳ ಮೇಲೆ ಪುಟ್ಟ ಕೋಲಿನಿಂದ ಬಡಿದು ನುಡಿಸುವ ಸಿಂಬಾವಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಕೊನೆಯ ಅಧ್ಯಾಯದ ಔತಣದಲ್ಲಿ ದೇಶದ ಇಪ್ಪತ್ತು ವರ್ಷದ ಚರಿತ್ರೆಯನ್ನೆಲ್ಲ ಮಾತಿಲ್ಲದೆ ನುಡಿಸಿ ತೋರಿಸುತ್ತಾನೆ. ಆಂದ್ರಿಯೊಲ್ಲಿ ಈ ಕಾವ್ಯಕ್ಕೆ ಬರೆದ ಚಿತ್ರಗಳು ೧೮೮೦ರ ದಶಕದಿಂದ ಮನೆಮಾತಾದವು. ಯಾಂಕಿಯೆಲ್‌ನ ಕಚೇರಿಯನ್ನು ಮೌರಿಟ್ಸಿ ತ್ರೆಂಬಾಚ್ ಕೂಡ ಬರೆದ. ಇವನು ಯೆಹೂದಿ ಚಿತ್ರಕಾರ.

ಇದನ್ನು ನಾವು ಮೆಚ್ಚುತ್ತೇವೆ. ದೇಶದ ಚರಿತ್ರೆಯನ್ನು ಅನ್ಯಧರ್ಮದ ಒಬ್ಬ ಬಡವನ ಬೆರಳಿಗೆ ಒಪ್ಪಿಸಲು ಧೈರ್ಯ ಬೇಕು. ಅದೇ ಅಧ್ಯಾಯದಲ್ಲಿ ನಾಯಕ, ನಾಯಕಿ ತಮ್ಮ ಜೀತದಾಳುಗಳನ್ನು ಬಿಡುಗಡೆ ಮಾಡುವುದೂ ಇದೆ. ಕಾವ್ಯದ ಕಾಲ ೧೮೧೨. ಆ ಲಿಥುವೇನಿಯಾ ಸೀಮೆಯಲ್ಲಿ ನಿಜವಾಗಿ ಜೀತ ರದ್ದಾದದ್ದು ೧೮೬೧ರಲ್ಲಿ, ಅದೂ ರಷ್ಯಾದ ಜಾರ್‌ನ ಆಜ್ಞೆಯಿಂದ. ಕಾವ್ಯ ಅರ್ಧ ಶತಮಾನ ಮುಂದೆ ನಡೆಯಿತು. ಒಡೆಯರು ಹಿಂದೆ ಉಳಿದರು.

ಆದರೆ ಕಲ್ಪನೆಯ ಯೆಹೂದಿಯನ್ನು ಪ್ರೀತಿಸುವುದು ಸುಲಭ, ಪಕ್ಕದ ಬೀದಿಯ ಯೆಹೂದಿಯನ್ನು ಪ್ರೀತಿಸುವುದು ಕಷ್ಟ. ಹೆಂಡ ಕಾಯಿಸುವ, ಮಾರುವ ಹಕ್ಕು ಒಡೆಯನದು. ಅಂಗಡಿ ಗುತ್ತಿಗೆ ಹಿಡಿದವನು ಯೆಹೂದಿ. ರೈತನ ಸಿಟ್ಟೆಲ್ಲ ಅಂಗಡಿಯವನ ಮೇಲೆ, ಲಾಭ ಮಹಲಿಗೆ. ಇಬ್ಬರು ಬಡವರನ್ನು ಜಗಳಕ್ಕೆ ಬಿಟ್ಟು ಮೂರನೆಯವನು ಬದುಕಿದ. ಪಟದಲ್ಲಿ ಮಾತ್ರ ಮೂವರೂ ಒಂದೇ ಔತಣದಲ್ಲಿ ನಗುತ್ತ ಕೂತಿದ್ದಾರೆ. ಯಾಂಕಿಯೆಲ್‌ನನ್ನು ಬರೆದ ತ್ರೆಂಬಾಚ್ ೧೯೪೧ರಲ್ಲಿ ಲೋಜ್ ಊರಿನ ಘೆಟ್ಟೊದಲ್ಲಿ, ನಾಜಿಗಳು ಯೆಹೂದ್ಯರನ್ನು ಕೂಡಿಹಾಕಿದ ಆ ಕೇರಿಯಲ್ಲಿ, ಸತ್ತ.

ಹೆಂಗಸರ ಪಟದ ಕಥೆ ಇನ್ನೊಂದು. ಮಾರಿಯಾ ಶಿಮನೋವ್ಸ್ಕಾ ಶೋಪಾನ್‌ಗಿಂತ ಮೊದಲೇ ಯೂರೋಪಿನ ಊರೂರಲ್ಲಿ ಪಿಯಾನೊ ಕಚೇರಿ ಕೊಟ್ಟವಳು. ಮತಾಂತರಗೊಂಡ ಯೆಹೂದಿ ಮೂಲದ ಮನೆತನ. ೧೮೨೦ರಲ್ಲಿ ಗಂಡನಿಂದ ಬೇರೆಯಾಗಿ, ಮೂರು ಮಕ್ಕಳನ್ನು ಸ್ವಂತ ದುಡಿಮೆಯಿಂದ ಸಾಕಿದಳು. ಕೊಕುಲಾರ್ ೧೮೨೫ರಲ್ಲಿ ಅವಳ ಪಟ ಬರೆದ. ಚೆಂದದ ಪಟ, ಚೆಂದದ ಉಡುಪು. ದುಡಿದು ಸವೆದ ಬೆರಳು ಅದರಲ್ಲಿ ಕಾಣುವುದಿಲ್ಲ. ದೇಶ ಅವಳನ್ನು ಬಹುಕಾಲ ನೆನೆದದ್ದು ಮಹಾಕವಿ ಮಿಟ್ಸ್ಕಿಯೆವಿಚ್‌ನ ಅತ್ತೆ ಅಂತ!

೭

ಇಷ್ಟೆಲ್ಲ ಪಟ, ಇಷ್ಟೆಲ್ಲ ಹಾಡು. ಉಳುವವನಿಗೆ ಈ ದೇಶ ತನ್ನದು ಅನ್ನಿಸಿತ್ತೇ? ಇದಕ್ಕೆ ೧೮೪೬ ಉತ್ತರ ಕೊಟ್ಟಿತು. ಆಸ್ಟ್ರಿಯಾದ ವಶದಲ್ಲಿದ್ದ ಗಲೀಸಿಯಾದಲ್ಲಿ ಕುಲೀನರು ದೇಶದ ಬಿಡುಗಡೆಗೆ ದಂಗೆ ಹೂಡಿದರು. ಅದೇ ಹೊತ್ತಿಗೆ ತಾರ್ನೊವ್ ಸೀಮೆಯ ರೈತರು ಕುಡುಗೋಲು, ಕೊಡಲಿ ಹಿಡಿದು ಕುಲೀನರ ಮೇಲೇ ಬಿದ್ದರು. ಯಾಕುಬ್ ಶೆಲಾ ಅನ್ನುವ ರೈತನ ಹೆಸರು ಇದರಲ್ಲಿ ಮುಂದೆ ಬಂತು. ಸುಮಾರು ಸಾವಿರ ಜನ ಸತ್ತರು. ನೂರಾರು ಮಹಲುಗಳು ಸುಟ್ಟವು, ಸೂರೆಯಾದವು. ಆಸ್ಟ್ರಿಯಾದ ಅಧಿಕಾರಿಗಳು ಬೆಂಕಿಗೆ ಗಾಳಿ ಹಾಕಿದ್ದು ನಿಜ. ಆದರೆ ಕಟ್ಟಿಗೆ ಒಣಗಿದ್ದು ಬಿಟ್ಟಿ ದುಡಿಮೆಯಿಂದ. 'ಪೋಲರು' ಅಂದರೆ ಧಣಿಗಳು, ನಾವು ಚಕ್ರವರ್ತಿಯ ಜನ ಅಂತ ಆ ರೈತರು ಹೇಳುತ್ತಿದ್ದರು. ಕೊಲೆಯನ್ನು ನಾವು ಹಾಡಿ ಹೊಗಳುವುದಿಲ್ಲ. ಆದರೆ ತನ್ನನ್ನು ಹೊರಗಿಟ್ಟ ದೇಶಕ್ಕಾಗಿ ಯಾರೂ ಸಾಯುವುದಿಲ್ಲ ಅನ್ನುವ ಪಾಠ ಅದರಲ್ಲಿದೆ.

ಎರಡು ವರ್ಷದ ಮೇಲೆ, ೧೮೪೮ರ ಜನವರಿ ಒಂದರಂದು, ವಿಲ್ನೊದಲ್ಲಿ ಸ್ತನಿಸ್ಲಾವ್ ಮೊನ್ಯೂಷ್ಕೊನ 'ಹಲ್ಕಾ' ಗೀತನಾಟಕವನ್ನು ಮೊದಲು ಹಾಡಿದರು. ವಾರ್ಸಾದ ದೊಡ್ಡ ರಂಗಕ್ಕೆ ಅದು ಬರಲು ಹತ್ತು ವರ್ಷ ಹಿಡಿಯಿತು, ೧೮೫೮. ಬೆಟ್ಟದ ಸೀಮೆಯ ಬಡ ಹುಡುಗಿ ಹಲ್ಕಾ. ಒಡೆಯನ ಮಗ ಅವಳನ್ನು ಬಸಿರು ಮಾಡಿ, ಅಂತಸ್ತಿನ ಹೆಣ್ಣನ್ನು ಮದುವೆಯಾಗುತ್ತಾನೆ. ಮದುವೆ ನಡೆಯುವ ಚರ್ಚಿಗೆ ಬೆಂಕಿ ಇಡಲು ಹೋದ ಹಲ್ಕಾ ಕೈ ಹಿಂದೆಗೆದು ನದಿಗೆ ಹಾರುತ್ತಾಳೆ. ಮೊನ್ಯೂಷ್ಕೊ ರಾಷ್ಟ್ರೀಯ ಗೀತನಾಟಕದ ಪಿತಾಮಹ ಅಂತ ಪಟವೇರಿದ. ಏರಬೇಕಾದವನೇ. ಒಡೆಯರ ಎದುರು, ಒಡೆಯರ ಭಾಷೆಯಲ್ಲಿ, ಒಡೆಯರ ಪಾಪವನ್ನು ಹಾಡಿಸಿದವನು. ಆದರೂ ನಾವು ಕೇಳದೆ ಇರಲಾರೆವು: ಕೊಡಲಿ ಎತ್ತಿದ ೧೮೪೬ರ ಜನ ರಂಗದ ಮೇಲೆ ಯಾಕೆ ನೀರಿಗೆ ಹಾರಬೇಕಾಯಿತು? ದಿವಾನಖಾನೆ ಬಡವರ ಕಣ್ಣೀರಿಗೆ ಚಪ್ಪಾಳೆ ತಟ್ಟುತ್ತದೆ. ಅವರ ಕೈಯ ಬೆಂಕಿಗೆ ತಟ್ಟುವುದಿಲ್ಲ.

೮

ಹೆಸರು ಪಡೆದ ಹಳ್ಳಿ ಪಿಟೀಲುಗಾರ ಒಬ್ಬನೂ ಇಲ್ಲವೇ? ಇದ್ದಾನೆ. ತಾತ್ರಾ ಬೆಟ್ಟದ ಕೆಳಗಿನ ಜಾಕೊಪಾನೆ ಊರಿನ ಯಾನ್ ಕ್ಷೆಪ್ತೊವ್ಸ್ಕಿ, ಎಲ್ಲರ ಬಾಯಲ್ಲಿ ಸಬಾವಾ. ೧೮೦೯ರಲ್ಲಿ ಹುಟ್ಟಿ ೧೮೯೪ರಲ್ಲಿ ಸತ್ತ. ಬೇಟೆಗಾರ, ಕಥೆಗಾರ, ಒಂದೇ ಮರ ಕೊರೆದು ಮಾಡಿದ ಕಿರಿದಾದ ಪಿಟೀಲನ್ನು ತೋಳಿನಲ್ಲಿ ಸಿಕ್ಕಿಸಿಕೊಂಡು ತಿರುಗಿದವನು. ಬೇಸಿಗೆಗೆ ಬೆಟ್ಟಕ್ಕೆ ಬರುತ್ತಿದ್ದ ಲೇಖಕರು, ಚಿತ್ರಕಾರರು ಅವನನ್ನು ಮೆಚ್ಚಿದರು, ಬರೆದರು.

೧೯೦೩ರಲ್ಲಿ ಆ ಊರಿನಲ್ಲಿ ಒಂದು ಸ್ಮಾರಕ ನಿಲ್ಲಿಸಿದರು. ಬೆಟ್ಟಸೀಮೆಯನ್ನು ಪಟ್ಟಣದವರಿಗೆ ಪರಿಚಯಿಸಿದ ವಾರ್ಸಾದ ವೈದ್ಯ ಖಾವುಬಿನ್ಸ್ಕಿಯ ಸ್ಮಾರಕ ಅದು. ಎತ್ತರದ ಕಂಬದ ಮೇಲೆ ವೈದ್ಯನ ಎದೆಮಟ್ಟದ ಪ್ರತಿಮೆ. ಕೆಳಗೆ, ಬುಡದಲ್ಲಿ, ಪಿಟೀಲು ಹಿಡಿದು ಕೂತ ಸಬಾವಾ. ವೈದ್ಯ ಒಳ್ಳೆಯವನು, ಬೆಟ್ಟದ ಜನರ ರೋಗಕ್ಕೆ ಮದ್ದು ಕೊಟ್ಟವನು. ಅವರಿಬ್ಬರೂ ಗೆಳೆಯರಂತೆ ಬೆಟ್ಟ ಅಲೆದವರು. ಆದರೂ ಕಲ್ಲಿನಲ್ಲಿ ಕಡೆಯುವ ಹೊತ್ತಿಗೆ ಯಾರು ಮೇಲೆ, ಯಾರು ಕೆಳಗೆ ಅನ್ನುವುದಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಹಳ್ಳಿಯ ಸಂಗೀತಗಾರನಿಗೆ ದೇಶದ ಕಲೆಯಲ್ಲಿ ಸಿಕ್ಕ ಜಾಗದ ನಕಾಶೆ ಬೇಕಿದ್ದರೆ ಈ ಒಂದು ಸ್ಮಾರಕ ಸಾಕು. ಜಾಗ ಸಿಕ್ಕಿತು. ಕಂಬದ ಬುಡದಲ್ಲಿ ಸಿಕ್ಕಿತು.

೯

ಹಾಗಂತ ಶೋಪಾನ್‌ನ ಪಟ ಇಳಿಸಿ ಅಂತ ನಾವು ಹೇಳುತ್ತೇವೆಯೇ? ಇಲ್ಲ. ಆ ಪಟಕ್ಕೆ ಎಷ್ಟು ಬಲ ಇತ್ತು ಅನ್ನುವುದು ಶತ್ರುಗಳಿಗೆ ಚೆನ್ನಾಗಿ ಗೊತ್ತಿತ್ತು. ೧೮೬೩ರ ಸೆಪ್ಟೆಂಬರಿನಲ್ಲಿ ವಾರ್ಸಾದಲ್ಲಿ ರಷ್ಯಾದ ಅಧಿಕಾರಿಯ ಮೇಲೆ ಜಮೊಯ್ಸ್ಕಿ ಮಹಲಿನಿಂದ ಬಾಂಬು ಬಿತ್ತು. ಸೈನಿಕರು ನುಗ್ಗಿ ಸೂರೆ ಮಾಡಿದರು. ಶೋಪಾನ್‌ನ ಪಿಯಾನೊ ಅಲ್ಲಿತ್ತು. ಕಿಟಕಿಯಿಂದ ಬೀದಿಗೆ ಎಸೆದರು. ಮಿಯೆರೊಷೆವ್ಸ್ಕಿ ಬರೆದ ಆ ಸಾದಾ ಮನೆಪಟಗಳು ೧೯೩೯ರ ಯುದ್ಧದಲ್ಲಿ ಕಾಣೆಯಾದವು. ಈಗ ಉಳಿದಿರುವುದು ಅವುಗಳ ಫೋಟೊ, ನಕಲು ಮಾತ್ರ. ವಾರ್ಸಾದ ಉದ್ಯಾನದಲ್ಲಿ ೧೯೨೬ರಲ್ಲಿ ನಿಲ್ಲಿಸಿದ ಶೋಪಾನ್ ಪ್ರತಿಮೆಯನ್ನು ನಾಜಿಗಳು ೧೯೪೦ರ ಮೇ ೩೧ರಂದು ಸಿಡಿಮದ್ದಿಟ್ಟು ಉರುಳಿಸಿದರು. ಜನ ೧೯೫೮ರಲ್ಲಿ ಮತ್ತೆ ನಿಲ್ಲಿಸಿದರು. ಬರೀ ದಿವಾನಖಾನೆಯ ಅಲಂಕಾರಕ್ಕೆ ಯಾರೂ ಸಿಡಿಮದ್ದು ಖರ್ಚು ಮಾಡುವುದಿಲ್ಲ.

ಮುಖವೇ ರಾಜಕೀಯವಾದದ್ದೂ ಉಂಟು. ಪಿಯಾನೊ ವಾದಕ ಪಾದೆರೆವ್ಸ್ಕಿಯ ಕೆದರಿದ ಕೂದಲಿನ ಮುಖವನ್ನು ೧೮೯೦ರಲ್ಲಿ ಬರ್ನ್-ಜೋನ್ಸ್, ೧೮೯೧ರಲ್ಲಿ ಆಲ್ಮಾ-ತದೇಮಾ ಬರೆದರು. ಲೋಕಕ್ಕೆಲ್ಲ ಪೋಲೆಂಡ್ ಅಂದರೆ ಆ ಮುಖ ಅನ್ನುವಂತಾಯಿತು. ೧೯೧೯ರಲ್ಲಿ ಅವನೇ ಸ್ವತಂತ್ರ ಪೋಲೆಂಡಿನ ಪ್ರಧಾನಿಯಾಗಿ ವರ್ಸೈ ಒಪ್ಪಂದಕ್ಕೆ ಸಹಿ ಹಾಕಿದ. ಮರುವರ್ಷ, ೧೯೨೦ರಲ್ಲಿ, ಆ ಕುರ್ಚಿಗೆ ವಿನ್ಸೆಂತಿ ವಿತೋಸ್ ಬಂದ. ಗಲೀಸಿಯಾದ ರೈತ. ಎತ್ತರದ ಬೂಟು, ಕೊರಳಿಗೆ ಟೈ ಇಲ್ಲ. ತಾನು ಚಿಕ್ಕವನಿದ್ದಾಗ ಪೋಲೆಂಡ್ ಮತ್ತೆ ಬಂದರೆ ಬಿಟ್ಟಿಯೂ ಮತ್ತೆ ಬರುತ್ತದೆ ಅಂತ ಹಳ್ಳಿಯ ಜನ ಹೆದರುತ್ತಿದ್ದರು ಎಂಬುದನ್ನು ಅವನು ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಆ ಭಯ ಹೋಗಲು ಪಟಗಳು ಸಾಕಾಗಲಿಲ್ಲ. ಬಿಟ್ಟಿ ರದ್ದಾಗಬೇಕಾಯಿತು, ಶಾಲೆ ಬರಬೇಕಾಯಿತು, ರೈತರದೇ ಪಕ್ಷ ಕಟ್ಟಬೇಕಾಯಿತು.

ಗೆಳೆಯರೇ, ಪಟ ನೋಡುವುದೂ ಒಂದು ಕಲಿಕೆ. ಈ ಪಟಕ್ಕೆ ಕಾಸು ಕೊಟ್ಟವರು ಯಾರು, ಕೆಳಗೆ ಹೆಸರಿದೆಯೋ ಬರೀ ಕಸುಬಿದೆಯೋ, ಈ ಹಾಡನ್ನು ಮೊದಲು ಹಾಡಿದವರು ಚೌಕಟ್ಟಿನ ಒಳಗೆ ಇದ್ದಾರೋ ಹೊರಗೆ ಇದ್ದಾರೋ ಅಂತ ಕೇಳುವುದನ್ನು ಮಕ್ಕಳಿಗೆ ಕಲಿಸೋಣ. ಕಲೆಯನ್ನು ಕೆಡಿಸಲು ಈ ಪ್ರಶ್ನೆ ಕೇಳುವುದಲ್ಲ. ಶೋಪಾನ್‌ನ ಮಜುರ್ಕಾ ಈ ಪ್ರಶ್ನೆಯಿಂದ ಸಣ್ಣದಾಗುವುದಿಲ್ಲ. ಬೇಲಿಯ ಮೇಲೆ ಕೂತು ಹಾಡಿದ ಆ ಹುಡುಗಿಯ ದನಿಯೂ ಅದರಲ್ಲಿ ಕೇಳಿಸತೊಡಗುತ್ತದೆ, ಅಷ್ಟೇ. ದೇಶಕ್ಕೆ ಮುಖ ಬೇಕು ಅನ್ನುವವರು ಅವಳಿಗೂ ಒಂದು ಹೆಸರು ಬಾಕಿ ಇಟ್ಟಿದ್ದಾರೆ. ಆ ಬಾಕಿ ಇನ್ನೂ ತೀರಿಲ್ಲ.